ಪೇಟೆಂಟಾ, ಗುಟ್ಟಾ? ಪ್ಲಾಸ್ಟಿಕ್ ಮಿಶ್ರಣ ಮಾಡಿದವರಿಗೆ

ತುಮಕೂರಿನ ವಸಂತನರಸಾಪುರದ ಶೆಡ್ಡಲ್ಲಿ ಪಾಲಿಪ್ರೊಪಿಲೀನ್ ಕಾಳಿಗೆ ತೆಂಗಿನ ಚಿಪ್ಪಿನ ಪುಡಿ ಬೆರೆಸಿ ಗಟ್ಟಿ ಕ್ರೇಟ್ ಮಾಡಿದ್ದೀರಿ ಅಂದುಕೊಳ್ಳಿ. ಮುಂದೇನು?

ಪೇಟೆಂಟ್ ಆದರೆ ಅರ್ಜಿ ಚೆನ್ನೈ ಕಚೇರಿಗೆ. ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಹಕ್ಕು. ಆದರೆ ಅರ್ಜಿಯ ಪರೀಕ್ಷೆ ತಾನಾಗಿ ಆಗೋಲ್ಲ, 31 ತಿಂಗಳೊಳಗೆ ಬೇರೆ ಕೋರಿಕೆ ಕೊಡಬೇಕು. ಮಿಶ್ರಣದವರಿಗೆ ದೊಡ್ಡ ಮುಳ್ಳು ಪೇಟೆಂಟ್ ಕಾಯಿದೆಯ ಕಲಂ 3(ಇ): ಬರೀ ಬೆರಕೆಗೆ ಪೇಟೆಂಟ್ ಇಲ್ಲ. ಸುಮ್ನೆ 'ಗಟ್ಟಿಯಾಗಿದೆ' ಅಂದರೆ ಸಾಲದು. ಪುಡಿ ಒಂದನ್ನೇ ಹಾಕಿದಾಗ ಎಷ್ಟು ಎಳೆತ ತಡೆಯಿತು, ಕಪ್ಲಿಂಗ್ ಏಜೆಂಟ್ (ಪುಡಿಯನ್ನು ಪ್ಲಾಸ್ಟಿಕ್‌ಗೆ ಬೆಸೆಯುವ ರಾಸಾಯನಿಕ) ಒಂದನ್ನೇ ಹಾಕಿದಾಗ ಎಷ್ಟು, ಎರಡೂ ಸೇರಿದಾಗ ಎಷ್ಟು? ಜೊತೆಯಾದಾಗಿನ ಲಾಭ ಬಿಡಿ ಲಾಭಗಳ ಮೊತ್ತ ಮೀರಿದರೆ ನಿಮ್ಮ ವಾದ ನಿಲ್ಲುತ್ತದೆ. ಆ ಅಂಕಿಗಳು ಅರ್ಜಿಯಲ್ಲೇ ಇರಲಿ. ಇನ್ನೊಂದು ಮಾತು, 18 ತಿಂಗಳಾದ ಮೇಲೆ ನಿಮ್ಮ ಪಾಕವಿಧಾನ ಎಲ್ಲರೂ ಓದಬಹುದು.

ಗುಟ್ಟಿಗೆ ಶುಲ್ಕವಿಲ್ಲ, ಅವಧಿಯೂ ಇಲ್ಲ. ಆದರೆ ನಮ್ಮಲ್ಲಿ ವ್ಯಾಪಾರ ಗುಟ್ಟಿಗೆ ಪ್ರತ್ಯೇಕ ಕಾಯಿದೆಯೇ ಇಲ್ಲ. ನೌಕರರ ಜೊತೆಗಿನ ಕರಾರೇ ಮುಖ್ಯ ಆಸರೆ. ಆಪರೇಟರ್ ಪಕ್ಕದ ಶೆಡ್ಡಿಗೆ ಹೋದರೆ ಕಷ್ಟ, ಅಲ್ವಾ?

ನನ್ನ ಲೆಕ್ಕ: ಕ್ರೇಟ್ ಚೂರು ಲ್ಯಾಬಿಗೆ ಕೊಟ್ಟರೆ ಗೊತ್ತಾಗುವಂಥದ್ದಕ್ಕೆ ಪೇಟೆಂಟ್. ಎಕ್ಸ್‌ಟ್ರೂಡರ್‌ನ (ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಯಂತ್ರ) ಬಿಸಿ, ಹಾಕುವ ಕ್ರಮದಲ್ಲಿ ಜಾಣತನ ಇದ್ದರೆ ಗುಟ್ಟು. ಪೇಟೆಂಟ್ ಬೇಕಿದ್ದರೆ ಅರ್ಜಿಗೆ ಮೊದಲು ಯಾವ ಗಿರಾಕಿಗೂ ಸ್ಯಾಂಪಲ್ ಕೊಡಬೇಡಿ.