ಮಾಲ್ಗುಡಿ ನೋಡುವವರು ಆಗುಂಬೆಗೆ ಮಳೆಗಾಲದಲ್ಲಿ ಹೋಗಬೇಡಿ

ಆಗುಂಬೆಗೆ ಜನ ಮಳೆ ನೋಡಲು ಹೋಗುತ್ತಾರೆ. ಹೋಗಲಿ. ಆದರೆ ‘ಮಾಲ್ಗುಡಿ ಡೇಸ್’ ಧಾರಾವಾಹಿ ಚಿತ್ರೀಕರಣವಾದ ಊರು ನೋಡಬೇಕೆಂದು ಹೊರಡುವವರು ಜುಲೈ ತಿಂಗಳನ್ನೇ ಆರಿಸಿಕೊಂಡರೆ ಅವರ ಪಾಲಿಗೆ ಬರುವುದು ಇಂಬಳ ಮತ್ತು ಮಂಜಿನಲ್ಲಿ ಕರಗಿಹೋದ ಬೀದಿ. ಆರ್.ಕೆ. ನಾರಾಯಣ್ ಅವರ ಕಲ್ಪನೆಯ ಮಾಲ್ಗುಡಿ ಬಯಲಿನ ಊರು, ಬಿಸಿಲಿನ ಊರು. ಅದನ್ನು ತಂದು ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗದಲ್ಲಿ ನೆಲೆಗೊಳಿಸಿದವರು ನಿರ್ದೇಶಕ ಶಂಕರ್ ನಾಗ್. ಎಂಥ ಧೈರ್ಯ! ಅದು ಅರ್ಥವಾಗಬೇಕಾದರೆ ಜನವರಿಯ ಬೆಳಗಿನಲ್ಲಿ, ಹೆಂಚಿನ ಮೇಲೆ ಬಿಸಿಲು ಏರುವ ಹೊತ್ತಿಗೆ ಅಲ್ಲಿನ ಮುಖ್ಯಬೀದಿಯಲ್ಲಿ ನಿಲ್ಲಬೇಕು.

ನಾನು ಲೋಕೋಪಯೋಗಿ ಇಲಾಖೆಯಲ್ಲಿ ಮೋರಿ, ಸೇತುವೆ, ಶಾಲಾ ಕಟ್ಟಡಗಳ ಅಂದಾಜುಪಟ್ಟಿ ಬರೆದು ನಿವೃತ್ತನಾದವನು. ಹಾಗಾಗಿ ಎಲ್ಲರೂ ಧಾರಾವಾಹಿಯ ಹುಡುಗ ‘ಸ್ವಾಮಿಯ ಮನೆ’ ಎಂದು ಕೈತೋರಿಸುವ ದೊಡ್ಡಮನೆಯ ಒಳಗೆ ಕಾಲಿಟ್ಟಾಗ ನನ್ನ ಕಣ್ಣು ಹೋದದ್ದು ಕಂಬಗಳ ಕಡೆಗೆ. ನನ್ನ ಹೆಂಡತಿಯ ಕಣ್ಣು ಜಗಲಿಯ ಕಡೆಗೆ. ಅಪ್ಪನ ಪಾತ್ರದ ಗಿರೀಶ ಕಾರ್ನಾಡರು ಎಲ್ಲಿ ಕುಳಿತಿದ್ದರು, ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ಎಲ್ಲಿಂದ ಓಡಿಬರುತ್ತಿದ್ದ ಎಂದು ಅವಳು ಹುಡುಕುತ್ತಿದ್ದಳು. ನನಗೆ ಹತ್ತಿದ ಪ್ರಶ್ನೆ ಬೇರೆ: ಇಷ್ಟು ದಪ್ಪ ಗೋಡೆ, ಇಷ್ಟು ತಗ್ಗಿನ ಮಾಡು ಇರುವ ಮನೆಯಲ್ಲಿ ಕ್ಯಾಮೆರಾಕ್ಕೆ ಬೆಳಕು ಎಲ್ಲಿಂದ ಬಂತು? ತೊಟ್ಟಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತರೆ ಉತ್ತರ ಸಿಗುತ್ತದೆ. ಮೇಲಿನಿಂದ ನೇರವಾಗಿ ಅಂಗಳಕ್ಕೆ ಬಿದ್ದ ಬಿಸಿಲು ಸುತ್ತಲಿನ ಪಡಸಾಲೆಗೆ ಮೆತ್ತಗಾಗಿ ಹರಡುತ್ತದೆ. ಕಂಬದ ಒಂದು ಮಗ್ಗುಲು ಬೆಳಗುತ್ತದೆ, ಇನ್ನೊಂದು ಕಪ್ಪಾಗಿಯೇ ಉಳಿಯುತ್ತದೆ. ಧಾರಾವಾಹಿಯ ಒಳಾಂಗಣದ ದೃಶ್ಯಗಳನ್ನು ಮತ್ತೆ ನೋಡಿ, ಆ ಮಗ್ಗುಲು ಬೆಳಕು ಅಲ್ಲಿಯೂ ಇದೆ. ಮೋಡ ಕವಿದ ದಿನ ಹೋದವರಿಗೆ ಇದು ಕಾಣುವುದಿಲ್ಲ.

ಒಂದು ಮಾತು ಬಲವಾಗಿ ಹೇಳಬೇಕು. ದೊಡ್ಡಮನೆ ವಸ್ತುಸಂಗ್ರಹಾಲಯವಲ್ಲ, ಒಂದು ಕುಟುಂಬ ಬಾಳುತ್ತಿರುವ ಮನೆ. ಬಂದವರಿಗೆ ಬಿಸಿ ಕಷಾಯ ಕೊಡುತ್ತಾರೆ, ಉಳಿಯುವವರಿಗೆ ಊಟ ಹಾಕುತ್ತಾರೆ. ದರಪಟ್ಟಿ ತೂಗುಹಾಕಿಲ್ಲ, ನಿಮಗೆ ತೋಚಿದ್ದನ್ನು ಕೊಡಬಹುದು. ಇದನ್ನು ಪುಕ್ಕಟೆ ಎಂದು ತಿಳಿಯುವ ಜಾಣರನ್ನು ನಾನೇ ಕಂಡೆ. ಚಪ್ಪಲಿ ಕಾಲಲ್ಲೇ ಜಗಲಿ ಹತ್ತಿ, ತೊಟ್ಟಿಲ ಮಗುವಿನ ನಿದ್ದೆಯನ್ನೂ ಲೆಕ್ಕಿಸದೆ ಶೀರ್ಷಿಕೆ ಗೀತೆಯನ್ನು ಮೊಬೈಲ್‌ನಲ್ಲಿ ಜೋರಾಗಿ ಹಾಕಿ ವಿಡಿಯೊ ಮಾಡಿಕೊಂಡು ಹೊರಟುಹೋದರು. ಎಲ್. ವೈದ್ಯನಾಥನ್ ಅವರ ಆ ರಾಗ ನನಗೂ ಪ್ರಾಣ, ಆದರೂ ಅವತ್ತು ಕಿವಿ ಮುಚ್ಚಿಕೊಳ್ಳಬೇಕೆನ್ನಿಸಿತು. ಅಟ್ಟಣಿಗೆ, ದೇವರ ಕೋಣೆ, ಅಡುಗೆಮನೆಗೆ ಕೇಳದೆ ನುಗ್ಗಬೇಡಿ.

ಊರಿನ ಬೀದಿಯಲ್ಲಿ ಕಾಂಕ್ರೀಟು ಬಂದಿದೆ, ಬರಲೇಬೇಕಿತ್ತು. ಅಲ್ಲಿ ಇರುವವರಿಗೆ ಸೋರದ ಮಾಡು ಬೇಕು. ನಮ್ಮ ನೆನಪಿಗಾಗಿ ಅವರು ವರ್ಷವರ್ಷವೂ ಹೆಂಚು ಕೈಯಾಡಿಸುತ್ತ ಕೂರಬೇಕೆನ್ನುವುದು ನ್ಯಾಯವಲ್ಲ. ಉಳಿದಿರುವ ಹಳೆಯ ಮನೆಗಳ ಸಾಲಿನಲ್ಲಿ ನಿಧಾನವಾಗಿ ನಡೆದರೆ ಸಾಕು. ಊರಿನ ಹಿರಿಯರಲ್ಲಿ ಕೆಲವರು ಆಗ ಗುಂಪಿನ ದೃಶ್ಯಗಳಲ್ಲಿ ನಿಂತವರು. ಕೇಳಿದರೆ ಮಾತಾಡುತ್ತಾರೆ, ನಿಮಗೆ ಅವಸರವಿದ್ದರೆ ಸುಮ್ಮನಾಗುತ್ತಾರೆ.

ಅವಸರ ನಮಗೂ ಇತ್ತು, ಶಿವಮೊಗ್ಗದ ಒಬ್ಬ ಪ್ರವಾಸ ಏಜೆಂಟರ ದೆಸೆಯಿಂದ. ‘ಮಾಲ್ಗುಡಿ ಪ್ರವಾಸ’ ಎಂದು ಮಾರಿದ ಆ ಒಂದು ದಿನದಲ್ಲಿ ಜಲಪಾತ, ದೇವಸ್ಥಾನ, ಸೂರ್ಯಾಸ್ತ ಎಲ್ಲವನ್ನೂ ತುರುಕಿದ್ದರು. ಮಾಲ್ಗುಡಿಗೆ ಉಳಿದದ್ದು ಊಟಕ್ಕೆ ಮುಂಚಿನ ಸ್ವಲ್ಪ ಸಮಯ. ಇಂಥದ್ದಕ್ಕೆ ದುಡ್ಡು ಕೊಡಬೇಡಿ. ನಾವು ಆಮೇಲೆ ಬಸ್ಸಿನಲ್ಲಿ ಮತ್ತೆ ಹೋಗಿ ರಾತ್ರಿ ಉಳಿದೆವು, ಆಗಲೇ ಊರು ಕಂಡದ್ದು.

ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣವನ್ನು ಇದೇ ಪ್ರವಾಸಕ್ಕೆ ಸೇರಿಸಬಹುದು, ಬೇರೆ ದಿನ. ಧಾರಾವಾಹಿಯ ಕೆಲವು ದೃಶ್ಯಗಳು ಅಲ್ಲಿಯೂ ಚಿತ್ರೀಕರಣಗೊಂಡಿದ್ದವು. ಆಗ ಅದು ಮೀಟರ್‌ಗೇಜ್ ಹಳಿ, ಈಗ ಬ್ರಾಡ್‌ಗೇಜ್. ಪಾಳುಬೀಳುತ್ತಿದ್ದ ಹಳೆಯ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯವಾಗಿಸಿದರು. ಮೆಚ್ಚಬೇಕಾದದ್ದೆಂದರೆ ಆ ಕೆಲಸ ವಹಿಸಿದ್ದು ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರಿಗೇ. ಗುತ್ತಿಗೆದಾರನ ಕೈಗೆ ಸಿಕ್ಕಿದ್ದರೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿ ಬಿಲ್ ಪಾಸು ಮಾಡಿಸಿಕೊಳ್ಳುತ್ತಿದ್ದ. ಈ ವಿಷಯದಲ್ಲಿ ನನ್ನ ಅನುಭವವನ್ನು ನಂಬಿ. ಚಿತ್ರಗಳನ್ನು ನೋಡಿ ಮುಗಿಸಲು ಹೆಚ್ಚು ಹೊತ್ತು ಬೇಡ. ಪಕ್ಕದಲ್ಲಿ ಚಹಾದಂಗಡಿಯಾಗಿ ಮಾರ್ಪಟ್ಟ ಹಳೆಯ ಬೋಗಿಯೇ ನನಗೆ ಹೆಚ್ಚು ಹಿಡಿಸಿತು. ರೈಲಿನಲ್ಲಿ ಹೋಗುವವರು ಅರಸಾಳಿನಲ್ಲಿ ಯಾವುದು ನಿಲ್ಲುತ್ತದೆಂದು ಮೊದಲೇ ನೋಡಿಕೊಳ್ಳಿ.

ಅಂಕ ಕೊಡುವುದಾದರೆ ಆಗುಂಬೆಗೆ ಐದಕ್ಕೆ ಐದು, ಅರಸಾಳಿಗೆ ಮೂರೂವರೆ. ಉಡುಪಿ ಕಡೆಯಿಂದ ಬರುವವರು 14 ತಿರುವುಗಳ ಘಾಟಿ ಹತ್ತಬೇಕು. ಹೊಟ್ಟೆ ತೊಳಸುವವರು ತೀರ್ಥಹಳ್ಳಿ ಕಡೆಯಿಂದ ಬರುವುದು ಲೇಸು.