ಶಿರಸಿಯಲ್ಲಿ ನಾಲ್ಕು ವರ್ಷ ಹಾಟ್ ಅಂಡ್ ಕೋಲ್ಡ್ ಎಸಿ: ಚಳಿಗೆ ತಂದಿದ್ದು, ಮಳೆಗೆ ಆಯ್ತು

ಅಪ್ಪಯ್ಯನಿಗೆ ಎಂಬತ್ತು ದಾಟಿದೆ. ಡಿಸೆಂಬರ್ ಬಂತೆಂದರೆ ಬೆಳಗಿನ ಜಾವ ಕೆಮ್ಮು ಶುರು. ಅದಕ್ಕೇ 2021ರಲ್ಲಿ ಅವರ ಕೋಣೆಗೆ ಒಂದು ಟನ್ನಿನ ಹಾಟ್ ಅಂಡ್ ಕೋಲ್ಡ್ ಇನ್ವರ್ಟರ್ ಎಸಿ ಹಾಕಿಸಿದೆ. "ಶಿರಸಿಯಲ್ಲಿ ಹಾಟ್ ಯಾರು ಕೇಳ್ತಾರೆ ಮಾರಾಯ್ರೆ" ಎನ್ನುತ್ತಲೇ ಅಂಗಡಿಯವರು ಹುಬ್ಬಳ್ಳಿಯಿಂದ ತರಿಸಿಕೊಟ್ಟರು. ಬರೀ ಕೂಲಿಂಗ್ ಇರುವುದಕ್ಕಿಂತ ಆರು ಸಾವಿರ ಜಾಸ್ತಿ ಬಿತ್ತು.

ಇದು ಹೀಟರ್ ಅಲ್ಲ, ಹೀಟ್ ಪಂಪ್. ಬೇಸಿಗೆಯಲ್ಲಿ ಒಳಗಿನ ಶಾಖ ಹೊರಗೆ ಹಾಕುತ್ತದೆ, ಚಳಿಯಲ್ಲಿ ಫೋರ್ ವೇ ವಾಲ್ವ್ ಗ್ಯಾಸಿನ ದಾರಿ ತಿರುಗಿಸುತ್ತದೆ, ಹೊರಗಿನ ಗಾಳಿಯ ಶಾಖವನ್ನೇ ಎಳೆದು ಒಳಗೆ ತರುತ್ತದೆ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟಾದರೂ ಶಾಖ ಸಿಗುತ್ತದೆ. ಎಲೆಕ್ಟ್ರಿಕ್ ರೂಮ್ ಹೀಟರಿನಲ್ಲಿ ಒಂದಕ್ಕೆ ಒಂದೇ. ಹಿಮ ಬೀಳುವ ಊರುಗಳಲ್ಲಿ ಹೊರಗಿನ ಯೂನಿಟ್ಟಿಗೆ ಮಂಜುಗಡ್ಡೆ ಕಟ್ಟುತ್ತದೆ, ನಮ್ಮ ಚಳಿಗೆ ಆ ತಾಪತ್ರಯ ಇಲ್ಲ. ಒಂದು ವಿಷಯ ಗಮನಿಸಿ, ಎಸಿ ಮೇಲಿನ ಸ್ಟಾರ್ ಲೆಕ್ಕ ಕೂಲಿಂಗಿನದ್ದು ಮಾತ್ರ. ಹಾಟ್ ಎಷ್ಟು ಚೆನ್ನಾಗಿದೆ ಅಂತ ಅದು ಹೇಳುವುದಿಲ್ಲ.

ಮೊದಲ ಚಳಿಗಾಲದಲ್ಲಿ ಬೇಜಾರೇ ಆಗಿತ್ತು. ಬಿಸಿ ಗಾಳಿಯೆಲ್ಲ ಮೇಲೆ, ಮಂಚದ ಮೇಲೆ ಮಲಗಿದವರಿಗೆ ಏನೂ ಇಲ್ಲ. ಆಮೇಲೆ ಫ್ಲಾಪ್ ಪೂರ್ತಿ ಕೆಳಗೆ ಮಾಡಿ, ಫ್ಯಾನ್ ಜೋರು ಇಟ್ಟ ಮೇಲೆ ಸರಿಯಾಯ್ತು. ಇನ್ನೊಂದು, ಆ ಕೋಣೆಗೆ ಮರದ ಮುಚ್ಚಿಗೆ ಇದೆ, ಅದಕ್ಕೇ ನಡೆಯುತ್ತದೆ. ಜಗಲಿಯ ಹಾಗೆ ಮೇಲೆ ಬರೀ ಹಂಚು ಇದ್ದರೆ ಹಾಕಿಸಬೇಡಿ, ಸುಮ್ನೆ ಆಕಾಶ ಕಾಯಿಸಿದ ಹಾಗೆ.

ನಿಜವಾದ ಉಪಯೋಗ ಗೊತ್ತಾಗಿದ್ದು ಜುಲೈನಲ್ಲಿ. ನಮ್ಮ ಮಳೆ ಗೊತ್ತಲ್ವಾ, ಹಾಸಿಗೆ ಹಸಿ, ಕಪಾಟಿನ ಪಂಚೆಗೂ ಬೂಷ್ಟು. ಗಾಳಿಯ ತೇವ ಎಳೆಯುವ ಡ್ರೈ ಮೋಡ್ ಹಾಕಿದರೆ ಪೈಪಿನಲ್ಲಿ ನೀರು ಹೋಗುತ್ತದೆ ನಿಜ, ಆದರೆ ಮೊದಲೇ ತಂಪಿರುವ ಕೋಣೆ ಇನ್ನೂ ತಣ್ಣಗಾಗಿ ಅಪ್ಪಯ್ಯ ಎರಡು ಕಂಬಳಿ ಕೇಳುತ್ತಾರೆ. ಹಾಟ್ ಮಾತ್ರ ಹಾಕಿದರೆ ಬೆಚ್ಚಗಾಗುತ್ತದೆ, ಗಾಳಿಯಲ್ಲಿನ ನೀರು ಮಾತ್ರ ಅಲ್ಲೇ ಉಳಿಯುತ್ತದೆ. ಈಗ ನಾವು ಮಾಡುವುದು ಒಂದು ತಾಸು ಡ್ರೈ, ಆಮೇಲೆ 25ಕ್ಕೆ ಇಟ್ಟು ಅರ್ಧ ತಾಸು ಹಾಟ್. ಹಾಸಿಗೆ ಗರಿಗರಿ. ಆಯಿ ತನ್ನ ಸೀರೆಗಳನ್ನೂ ಅಲ್ಲೇ ಹಗ್ಗ ಕಟ್ಟಿ ಹರವುತ್ತಾಳೆ.

ತೊಂದರೆ ಇಲ್ಲ ಅಂತಲ್ಲ. ಎರಡನೇ ಮಳೆಗಾಲದಲ್ಲಿ ಹೊರಗಿನ ಯೂನಿಟ್ಟಿನ ಬೋರ್ಡ್ ಒಳಗೆ ಹಲ್ಲಿ ಹೊಕ್ಕು ಸುಟ್ಟಿತು. ಕಂಪನಿಯವರು "ಹಲ್ಲಿಗೆ ವಾರಂಟಿ ಇಲ್ಲ" ಎಂದರು, ಮೆಕ್ಯಾನಿಕ್ ಬರಲು ಹದಿನೆಂಟು ದಿನ, ಖರ್ಚು ಎಂಟು ಸಾವಿರ. ಈಗ ಸಂದುಗಳಿಗೆಲ್ಲ ಸಣ್ಣ ಜಾಲರಿ ಹಾಕಿಸಿದ್ದೇನೆ. ಹಾಟ್ ಹಾಕಿದಾಗ ನೀರು ತೊಟ್ಟಿಕ್ಕುವುದು ಹೊರಗಿನ ಯೂನಿಟ್ಟಿನಿಂದ, ಅದು ಕೆಟ್ಟಿದ್ದಲ್ಲ, ಹೆದರಬೇಡಿ. ಕರೆಂಟು ಹೋದರೆ ಇದೂ ಹೋಯ್ತು.

ಕಾರವಾರದಲ್ಲಿರುವ ತಂಗಿಯೂ ಕೇಳಿದಳು, ಬೇಡ ಎಂದೆ. ಅಲ್ಲಿ ಹಾಟ್ ಬೇಕಾಗುವ ದಿನ ಎಷ್ಟಿವೆ? ಆರು ಸಾವಿರವನ್ನು ಉಪ್ಪುಗಾಳಿ ತಡೆಯುವ ಕೋಟಿಂಗ್ ಇರುವ ಕಾಯಿಲ್‌ಗೆ ಹಾಕು ಅಂದೆ. ಅವಳ ಹಳೇ ಎಸಿಯ ಕಾಯಿಲ್ ಮೇಲಿನ ತೆಳು ತಗಡಿನ ರೆಕ್ಕೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು.