‘ನ್ಯೂರೋ ಐಸಿಯು’ ಎಂಬ ಫಲಕವನ್ನಷ್ಟೇ ನಂಬಿ ರೋಗಿಯನ್ನು ಸೇರಿಸಬೇಡಿ

ಮೆದುಳಿನ ಗೆಡ್ಡೆಯಿರುವವರನ್ನು ಹಾಸನದಲ್ಲಿಯೇ ತೀವ್ರ ನಿಗಾ ಘಟಕಕ್ಕೆ ಸೇರಿಸುವವರು, ರಾತ್ರಿ ಹೊತ್ತು ಅಲ್ಲಿ ನರಶಸ್ತ್ರಚಿಕಿತ್ಸಕರು ಸಿಗುತ್ತಾರೆಯೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ನಮ್ಮ ಭಾವನವರನ್ನು ಸೇರಿಸಿದ ಖಾಸಗಿ ಆಸ್ಪತ್ರೆಯಲ್ಲಿ ‘ನ್ಯೂರೋ ಐಸಿಯು’ ಎಂಬ ಫಲಕವಿತ್ತು, ವೆಂಟಿಲೇಟರ್, ಮಾನಿಟರ್‌ಗಳೂ ಇದ್ದವು. ಆದರೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ವಾರದಲ್ಲಿ ಗೊತ್ತಾದ ದಿನಗಳಂದು ಮಾತ್ರ ಪರಊರಿನಿಂದ ಬಂದು ಹೋಗುವವರು ಎಂಬ ಸಂಗತಿ ದಾಖಲಾತಿಯ ವೇಳೆ ಯಾರ ಬಾಯಿಂದಲೂ ಹೊರಡಲಿಲ್ಲ.

ಗೆಡ್ಡೆಯ ಸುತ್ತ ಊತ ಬಂದಾಗ, ಇಲ್ಲವೇ ಮೆದುಳಿನ ದ್ರವ ಹರಿಯುವ ದಾರಿ ಕಟ್ಟಿಕೊಂಡಾಗ, ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ. ಊತಕ್ಕೆ ಡೆಕ್ಸಾಮೆಥಸೋನ್, ಒತ್ತಡ ತಗ್ಗಿಸಲು ಮ್ಯಾನಿಟಾಲ್ ಕೊಟ್ಟು, ತಲೆಯ ಭಾಗವನ್ನು ಸುಮಾರು 30 ಡಿಗ್ರಿ ಎತ್ತರಿಸಿ ಮಲಗಿಸುತ್ತಾರೆ. ಕಟ್ಟಿಕೊಂಡ ದ್ರವವನ್ನು ಮಾತ್ರ ನಳಿಕೆ ಹಾಕಿಯೇ ತೆಗೆಯಬೇಕಾಗಬಹುದು, ಅದಕ್ಕೆ ಶಸ್ತ್ರಚಿಕಿತ್ಸಕರೇ ಬೇಕು.

ಭಾವನವರು ರಾತ್ರಿ ಚಡಪಡಿಸುತ್ತ ಕೈಗೆ ಹಾಕಿದ್ದ ಡ್ರಿಪ್ ಕೀಳಲು ಹೋದಾಗ, ಡ್ಯೂಟಿ ಡಾಕ್ಟರ್ ನಿದ್ರೆಯ ಇಂಜೆಕ್ಷನ್ ಕೊಟ್ಟು, ‘ಈಗ ಆರಾಮಾಗಿ ಮಲಗಿದ್ದಾರೆ’ ಎಂದರು. ಇಂಥ ರೋಗಿಯಲ್ಲಿ ಚಡಪಡಿಕೆಯೇ ಒತ್ತಡ ಏರಿದ್ದರ ಸೂಚನೆಯಾಗಿರಬಹುದು. ಇಂಜೆಕ್ಷನ್ ಬಿದ್ದ ಮೇಲೆ ಔಷಧದ ಮಂಪರು ಯಾವುದು, ಕಾಯಿಲೆಯ ಮಂಪರು ಯಾವುದು ಎಂದು ತಿಳಿಯುವುದು ಕಷ್ಟ, ಉಸಿರಾಟ ನಿಧಾನವಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಒತ್ತಡ ಮತ್ತಷ್ಟು ಏರುತ್ತದೆ. ಪ್ರಜ್ಞೆಯ ಮಟ್ಟವನ್ನು 3ರಿಂದ 15ರವರೆಗಿನ ಗ್ಲಾಸ್ಗೋ ಅಂಕದಲ್ಲಿ ಬರೆದಿಡಬೇಕಾದ ಚಾರ್ಟಿನಲ್ಲಿ ಆ ರಾತ್ರಿಯ ಸಾಲುಗಳು ಖಾಲಿಯಿದ್ದವು. ಬೆಳಗಿನ ಜಾವ ಒಂದು ಕಣ್ಣಿನ ಪಾಪೆ ಹಿಗ್ಗಿರುವುದನ್ನು (ತಲೆಯೊಳಗಿನ ಒತ್ತಡ ಅಪಾಯದ ಮಟ್ಟಕ್ಕೇರಿದ್ದರ ಸೂಚನೆ) ಕಂಡು ಎಲ್ಲರನ್ನೂ ಎಬ್ಬಿಸಿದವರು ಆಗಷ್ಟೇ ಪಾಳಿಗೆ ಬಂದ ನರ್ಸ್. ಆ ಆಸ್ಪತ್ರೆಯಲ್ಲಿ ನಾವು ಋಣಿಗಳಾಗಿರುವುದು ಆಕೆಯೊಬ್ಬರಿಗೇ.

ಬೆಂಗಳೂರಿಗೆ ಕರೆದೊಯ್ಯಿರಿ ಎಂದವರೇ, ಬಿಲ್ ಪೂರ್ತಿ ಕಟ್ಟುವವರೆಗೆ ಎಂಆರ್‌ಐ ಸಿಡಿ ಕೊಡಲಿಲ್ಲ. ಕುಣಿಗಲ್ ಮಾರ್ಗವಾಗಿ ಸುಮಾರು 180 ಕಿಲೋಮೀಟರ್ ಹೋಗಬೇಕಾದ ಆಂಬುಲೆನ್ಸ್‌ನಲ್ಲಿ ವೆಂಟಿಲೇಟರ್ ನೋಡಿಕೊಳ್ಳಬಲ್ಲವರು ಇದ್ದಾರೆಯೇ ಎಂದು ವಿಚಾರಿಸುವ ಹೊಣೆಯೂ ನಮ್ಮ ಮೇಲೆಯೇ ಬಿತ್ತು. ಬೆಂಗಳೂರಿನಲ್ಲಿ ನಳಿಕೆ ಹಾಕಿದ ಮೇಲೆ ಭಾವನವರ ಜೀವ ಉಳಿಯಿತು. ಬಲಗೈಯಲ್ಲಿ ಲೋಟ ಹಿಡಿಯಲು ಇನ್ನೂ ಆಗುತ್ತಿಲ್ಲ.

ಅಡ್ವಾನ್ಸ್ ಕಟ್ಟುವ ಮೊದಲೇ ಕೇಳಿ: ನಡುರಾತ್ರಿ ಸಿಟಿ ಸ್ಕ್ಯಾನ್ ಆಗುತ್ತದೆಯೇ, ನರಶಸ್ತ್ರಚಿಕಿತ್ಸಕರು ಎಷ್ಟು ಹೊತ್ತಿನಲ್ಲಿ ಬರಬಲ್ಲರು, ಅವರು ಊರಲ್ಲಿಲ್ಲದ ದಿನ ಯಾರು? ‘ಫೋನಿನಲ್ಲಿ ಸಿಗುತ್ತಾರೆ’ ಎಂಬುದು ಉತ್ತರವಲ್ಲ. ಚಿಕಿತ್ಸೆಯ ದಾಖಲೆಗಳನ್ನು ಲಿಖಿತವಾಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಹೇಳುತ್ತದೆ. ಕೊಡದಿದ್ದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಪ್ರಾಧಿಕಾರಕ್ಕೆ ದೂರು ಕೊಡಬಹುದು; ಅರ್ಜಿಯ ಪ್ರತಿಯ ಮೇಲೆ ಆಸ್ಪತ್ರೆಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿರಿ.